ಬಿದಿರಹುಳುವಿನ ತಾಯಿ

"ಅದನ್ನ ಮುಟ್ಟಬೇಡ!" ಎನ್ನುತ್ತ ಚಾನ್‌ದೀ ಶವದ ಗಾಡಿಯೊಳಗಿಂದ ಬಿದಿರಂಡೆಯನ್ನು ಕಿತ್ತುಕೊಂಡಳು. ಗಂಡ ಮೂನ್‌ನ ಟೋಪಿ, ಚಪ್ಪಲಿ, ಕತ್ತಿ ಆಗಲೇ ಶವಪೆಟ್ಟಿಗೆಯ ಪಕ್ಕ ಸೇರಿದ್ದವು. ಸತ್ತವನಿಗೆ ಇಷ್ಟವಾದದ್ದನ್ನು ಅವನ ಜೊತೆಗೇ ಸುಡಬೇಕು.

"ದೊಡ್ಡಪ್ಪ ಬೆಳಿಗ್ಗೆ ಎದ್ದು ಇದರ ಮುಖಾನೇ ನೋಡ್ತಿದ್ದ, ಅದಕ್ಕೆ ಹಾಕ್ದೆ," ಎಂದ ಮೈದುನನ ಮಗ ಸಿಂಗ್‌ಖಾಮ್.

"ಒಳಗೆ ಜೀವ ಇದೆ ಕಣೋ. ಚಿತೆಗೆ ಹಾಕ್ತೀಯಾ?"

"ಹುಳ ತಾನೇ? ಎಣ್ಣೇಲಿ ಹುರಿದು ಊರಿಗೆಲ್ಲ ತಿನ್ನಿಸಿದ ಮನುಷ್ಯ. ಇವತ್ತೇ ಪಾಪ ತಟ್ಟತ್ತಾ, ದೊಡ್ಡಮ್ಮ?"

ಅಡುಗೆಗೆ ಬಂದ ಹೆಂಗಸರು ನಕ್ಕರು. ಚಾನ್‌ದೀಗೂ ನಗು ಬಂತು, ಬಂದ ಹಾಗೇ ಹೋಯಿತು.

*

ಹೋದ ಚಳಿಗಾಲ ಮೂನ್ ಕಾಡಿನಿಂದ ಹನ್ನೆರಡು ಅಂಡೆ ತಂದಿದ್ದ. ಗಿಡ್ಡಗಾದ ಗೆಣ್ಣು, ಒಂದು ಸಣ್ಣ ತೂತು, ಇಷ್ಟು ಕಂಡರೆ ಒಳಗೆ ಹುಳುವಿದೆಯೆಂದು ಹೇಳಬಲ್ಲವನು. ಹನ್ನೊಂದು ಅಂಡೆಯ ಹುಳು ಬಾಣಲೆಗೆ ಹೋಯಿತು. ಉಳಿದ ಒಂದನ್ನು ಕಣಜದ ತೊಲೆಗೆ ಕಟ್ಟಿದ.

"ಅದ್ಯಾಕೆ ಅಲ್ಲಿ?"

"ನೀನೇ ಅಲ್ವಾ ಹಂಗಿಸಿದ್ದು? ನಲವತ್ತು ವರ್ಷ ಮಕ್ಕಳನ್ನೇ ತಿಂದೆ, ಒಂದು ಸಲ ತಾಯಿ ಮುಖ ನೋಡಿದೀಯಾ ಅಂತ."

ನಿಜಕ್ಕೂ ಇಬ್ಬರೂ ನೋಡಿರಲಿಲ್ಲ. ಆ ತಾಯಿ, ಅಂದರೆ ಹುಳು ಬೆಳೆದು ಆಗುವ ಪತಂಗ, ಹೊರಬೀಳುವುದು ಮಳೆಗಾಲದಲ್ಲಿ. ಆಗ ಬಿದಿರುಕಾಡಿಗೆ ಯಾರೂ ಹೋಗುವುದಿಲ್ಲ.

"ಮಳೆ ಹಿಡೀಲಿ. ರೆಕ್ಕೆ ಬಂದು ಹೊರಗೆ ಬರತ್ತೆ. ಇಬ್ರೂ ಕೂತು ನೋಡೋಣ."

ಮಳೆ ಹಿಡಿದಾಗ ಅವನು ಫ್ರೇ ಪಟ್ಟಣದ ಆಸ್ಪತ್ರೆಯಲ್ಲಿದ್ದ. ಹನ್ನೊಂದು ದಿನ ಅವಳು ಮಂಚದ ಪಕ್ಕ ಬಿಟ್ಟು ಏಳಲಿಲ್ಲ.

"ಬಂತಾ?" ಎಂದು ಕೇಳುತ್ತಿದ್ದ.

"ನೋಡಕ್ಕೆ ಮನೇಲಿ ಯಾರಿದಾರೆ? ನೀನೇ ಎದ್ದು ಬಾ."

*

ಬೌದ್ಧ ವಿಹಾರದ ಹಿರಿಯ ಹತ್ತಿರ ಬಂದ. "ತಂಗೀ, ಭಿಕ್ಷುಗಳು ಕಾಯ್ತಿದಾರೆ. ತೆಗೆದು ನೋಡಿಬಿಡು. ಬದುಕಿದ್ರೆ ಇಲ್ಲಿರಲಿ, ಇಲ್ದಿದ್ರೆ ಅವನ ಜೊತೆ ಹೋಗಲಿ."

ಚಾನ್‌ದೀ ಅಂಡೆಯನ್ನು ಕಿವಿಗೆ ಹಿಡಿದಳು. ಏನೂ ಕೇಳಿಸಲಿಲ್ಲ. ಗಂಡನ ಕತ್ತಿ ಈಸಿಕೊಂಡು, ಅವನು ಮಾಡುತ್ತಿದ್ದ ಹಾಗೇ ಬದಿಯಲ್ಲಿ ಚೌಕವಾಗಿ ಕೊರೆದಳು.

ಹುಳುವಿರಲಿಲ್ಲ. ಪತಂಗವೂ ಇರಲಿಲ್ಲ. ಬೆನ್ನು ಸೀಳಿದ ಕಂದು ಪೊರೆಗಳಷ್ಟೇ, ನೂರರ ಹತ್ತಿರ ಇದ್ದವು.

"ಯಾವತ್ತು ಹಾರಿಹೋದ್ವೋ," ಎಂದ ಸಿಂಗ್‌ಖಾಮ್. ಅವನ ದನಿಯಲ್ಲಿ ಈಗ ತಮಾಷೆಯಿರಲಿಲ್ಲ. "ನೀವಿಬ್ರೂ ಇಲ್ದಾಗ."

ಚಾನ್‌ದೀ ಅಂಡೆಯನ್ನು ತಾನೇ ಗಾಡಿಗಿಟ್ಟು, ಪೆಟ್ಟಿಗೆಯ ಪಕ್ಕ ಹತ್ತಿ ಕೂತಳು. ಒಂದು ಪೊರೆ ಮಾತ್ರ ಅವಳ ಅಂಗೈಯಲ್ಲಿ ಉಳಿದಿತ್ತು, ಜೊಳ್ಳಿಗಿಂತ ಹಗುರ. ಗಾಡಿ ಹೊರಟಿತು. ಗಾಳಿ ತಾಗದಂತೆ ಇನ್ನೊಂದು ಕೈ ಮರೆಮಾಡಿ, ಅವನ ತಲೆಯಿದ್ದ ಕಡೆಗೆ ಅಂಗೈ ತಿರುಗಿಸಿ, ಅವಳು ಉಸಿರು ಬಿಗಿಹಿಡಿದು ಕೂತಳು.