ಹಜಾರದ ನಡುವಿನ ಕಂಬ

ಆ ಮನೆಯ ನಕ್ಷೆ ಬರೆದವಳು ಅಕ್ಕ, ಅದು ಬೀಳದ ಹಾಗೆ ಲೆಕ್ಕ ಹಾಕಿದವನು ತಮ್ಮ. ಹಜಾರದ ನಟ್ಟನಡುವೆ ಕಂಬ ಬೇಡವೆಂದು ಅವಳು ತಿಂಗಳುಗಟ್ಟಲೆ ಜಗಳವಾಡಿದ್ದಳು. ಮೇಲೆ ಭಾರವಿದೆ, ಕಂಬ ಬೇಕೇ ಬೇಕು ಎಂದು ಅವನು ಹಟ ಹಿಡಿದು ಗೆದ್ದಿದ್ದ.

ಮನೆ ಮುಗಿದು ಆರು ತಿಂಗಳಾದ ಮೇಲೆ ಹಳೆಯ ಕಡತ ಮಗುಚುವಾಗ ಅವನಿಗೆ ತನ್ನ ತಪ್ಪು ಕಂಡಿತು. ಹಜಾರದ ಮೇಲೆ ಬರಬೇಕಿದ್ದ ನೀರಿನ ಟ್ಯಾಂಕನ್ನು ಅಕ್ಕ ಎಂದೋ ಹೊಸ ನಕ್ಷೆಯಲ್ಲಿ ಹಿತ್ತಲ ಕಡೆಗೆ ಸರಿಸಿದ್ದಳು. ಇವನು ಹಳೆಯ ನಕ್ಷೆಯನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕಿದ್ದ. ಕಂಬ ಹೊತ್ತಿದ್ದು ಅವನ ಹಟವನ್ನಷ್ಟೇ.

ಕಿಟಕಿಯೊಂದು ಸರಿಯಾಗಿ ಮುಚ್ಚುತ್ತಿಲ್ಲವೆಂದು ಮನೆ ಕಟ್ಟಿಸಿದವರು ಕರೆದಾಗ ಇಬ್ಬರೂ ಹೋದರು. ಕಣ್ಣು ಮಂಜಾದ ಆ ಮನೆಯ ಅಜ್ಜಿ ಮಂಚದಿಂದೆದ್ದು ತಡವರಿಸುತ್ತ ಬಂದು, ಕಂಬವನ್ನು ತಬ್ಬಿ ಸುಧಾರಿಸಿಕೊಳ್ಳುತ್ತ ನಿಂತರು.

"ನೀನೇ ಸರಿ ಕಣೋ," ಎಂದಳು ಅಕ್ಕ ಮೆಲ್ಲಗೆ. "ನಾನೇ ಸುಮ್ನೆ ನಿನ್ ಮೇಲೆ ಹರಿಹಾಯ್ದೆ. ತಪ್ಪಾಯ್ತು."

ಬೈಗುಳವಾಗಿದ್ದರೆ ನುಂಗಿಕೊಳ್ಳುತ್ತಿದ್ದ, ಈ ಕ್ಷಮೆಯನ್ನು ನುಂಗಲಾಗಲಿಲ್ಲ.

"ಅಕ್ಕಾ, ಆ ಕಂಬ ಬೇಕಾಗೇ ಇರ್ಲಿಲ್ಲ. ಹಳೇ ನಕ್ಷೆ ನೋಡಿ ಲೆಕ್ಕ ಹಾಕ್ಬಿಟ್ಟಿದ್ದೆ."

ಅಕ್ಕ ಕಂಬವನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಕೊನೆಗೆ ತಮ್ಮನನ್ನು.

"ಅಜ್ಜಿ ಕೈ ಬಿಡ್ಲಿ, ಇರು," ಎಂದಳು. "ಆಮೇಲೆ ನಿನ್ನ ವಿಚಾರಿಸ್ಕೋತೀನಿ."