ನಾನೂರ ಹದಿಮೂರರ ನೆಗ್ಗು

ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರಿಲ್ಲ, ವಿಮಾನದ ಮೂತಿ ಇದೆ. ಕಾರು ಹನ್ನೊಂದು ವರ್ಷದಿಂದ ಹೊರಗೆ ಮಳೆಯಲ್ಲಿ ನೆನೆಯುತ್ತ ನಿಂತಿದೆ. ಮೂತಿ ಮಾತ್ರ ಹೀಟರ್ ಹಾಕಿಸಿಕೊಂಡು ಒಳಗೆ ಬೆಚ್ಚಗಿದೆ. ಮೊದಲ ವರ್ಷ ಇದಕ್ಕಾಗಿ ನನ್ನ ಗಂಡ ಕ್ಲಿಫ್‌ನ ಜೊತೆ ಜಗಳವಾಡಿದೆ. ಎರಡನೇ ವರ್ಷ ಮಾತು ಬಿಟ್ಟೆ. ಮೂರನೇ ವರ್ಷ ಅದರ ಸೀಟಿನ ಬೆಲ್ಟುಗಳನ್ನು ನಾನೇ ಹೊಲಿದುಕೊಟ್ಟೆ. ಇಂಗ್ಲೆಂಡಿನ ಹಳೆಯ ವಾಯುನೆಲೆಗಳ ಸೀಮೆಯಾದ ನಮ್ಮ ಲಿಂಕನ್‌ಶೈರಿನಲ್ಲಿ ಊರಿಗೊಬ್ಬ ಇಂಥ ಹುಚ್ಚ ಇದ್ದೇ ಇರುತ್ತಾನೆ, ನಮ್ಮೂರಿನವನು ನನ್ನ ಪಾಲಿಗೆ ಬಂದ, ಅಷ್ಟೆ.

ಮೂತಿ ಎಂದರೆ ಪೈಲಟ್ ಮತ್ತು ಅವನಿಗೆ ದಾರಿ ಹೇಳುವ ನೇವಿಗೇಟರ್ ಕೂರುವ ಮುಂಭಾಗ. ಕ್ಯಾನ್‌ಬೆರಾ ಎಂಬ ಹಳೆಯ ಬಾಂಬರ್ ವಿಮಾನದ್ದು. ರೆಕ್ಕೆ, ಬಾಲ, ಎಂಜಿನ್ನುಗಳನ್ನೆಲ್ಲ ಗುಜರಿಯವರು ಎಂದೋ ಕತ್ತರಿಸಿ ಕರಗಿಸಿದ್ದರು. ಮೂತಿಗಳು ಮೂರು ಉಳಿದಿದ್ದವು, ಮುಳ್ಳುಗಿಡಗಳ ನಡುವೆ ಸಾಲಾಗಿ. ಪ್ರತಿಯೊಂದರ ಮೇಲೂ ಯಾರೋ ಸೀಮೆಸುಣ್ಣದಲ್ಲಿ ಆಯಾ ವಿಮಾನದ ಅಂಕಿ ಗೀಚಿದ್ದರು. ಕ್ಲಿಫ್ ಆರಿಸಿದ್ದು ಎಂಟುನೂರ ನಲವತ್ತೇಳು. ತಂದ ದಿನ ಅದರೊಳಗೆ ಹಕ್ಕಿಗೂಡು, ಮಳೆನೀರು, ಒಂದು ಸತ್ತ ಮುಳ್ಳುಹಂದಿ ಇದ್ದವು. ಮುಳ್ಳುಹಂದಿಯನ್ನು ನಾನೇ ಹೂಳಿದೆ.

ಅವನು ಹೇಗೆ ಕೆಲಸ ಮಾಡುತ್ತಾನೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಒಮ್ಮೆ ಡಯಲುಗಳ ಫಲಕಕ್ಕೆ ನಲವತ್ತೆರಡು ಸ್ಕ್ರೂ ಹಾಕಿ ಮುಗಿಸಿದ್ದ. ಆ ಕಾಲದಲ್ಲಿ ಸ್ಕ್ರೂವಿನ ತಲೆಗೆ ಒಂದೇ ಗೀರು ಇರುತ್ತಿತ್ತು, ಇವನು ಹಾಕಿದ್ದಕ್ಕೆ ಅಡ್ಡಗೀರೂ ಇದೆ ಎಂದು ಯಾರೋ ಹೇಳಿದರು. ನಲವತ್ತೆರಡನ್ನೂ ಬಿಚ್ಚಿದ. ಆ ಸ್ಕ್ರೂಗಳು ಮುಚ್ಚಳದ ಹಿಂದಿದ್ದವು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮೂತಿ ತಂದ ವರ್ಷವೇ, ಎಂಟುನೂರ ನಲವತ್ತೇಳರಲ್ಲಿ ಹಾರಿದವರು ಯಾರಾದರೂ ಇದ್ದಾರೆಯೇ ಎಂದು ಇಂಥ ಮೂತಿ ಇಟ್ಟುಕೊಂಡವರ ಸಂಘದ ಪತ್ರಿಕೆಯಲ್ಲಿ ಕೇಳಿದಾಗ ಸಿಕ್ಕಿದವರು ಸಿರಿಲ್. ಐವತ್ತರ ದಶಕದಲ್ಲಿ ಅದರ ನೇವಿಗೇಟರ್ ಆಗಿದ್ದವರು. ಹೆಂಡತಿ ಈನಿಡ್ ತೀರಿಕೊಂಡು ಆಗಷ್ಟೇ ಒಂದು ವರ್ಷವಾಗಿತ್ತು. ಏಳು ಮೈಲಿ ದೂರದ ಊರಿನಿಂದ ಬಸ್ಸಿನಲ್ಲಿ ಬಂದರು, ಟೋಪಿ ತೆಗೆದರು, ಬಗ್ಗಿ ಒಳಗೆ ಹೋಗಿ ತಮ್ಮ ಹಳೆಯ ಜಾಗದಲ್ಲಿ ಕೂತರು. ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲ. ನಾನು ಹೆದರಿ ಇಣುಕಿದರೆ ಮೇಜಿನ ತಗಡಿನಂಚಿನಲ್ಲಿದ್ದ ನೆಗ್ಗನ್ನು ಹೆಬ್ಬೆರಳಿನಿಂದ ಸವರುತ್ತ ನಗುತ್ತಿದ್ದರು.

"ಇದು ನಾನೇ ಮಾಡಿದ್ದು ತಾಯಿ! ನನ್ನ ಟೀ ಫ್ಲಾಸ್ಕು!"

ಚಳಿಗಾಲವಂತೆ, ಉತ್ತರ ಸಮುದ್ರದ ಮೇಲಂತೆ, ಹೀಟರ್ ಕೆಟ್ಟು ಟೀ ಹೆಪ್ಪುಗಟ್ಟಿತ್ತಂತೆ. ಪೈಲಟ್ ಟೆಡ್ ಹೇಳದೆ ಕೇಳದೆ ವಿಮಾನ ವಾಲಿಸಿದಾಗ ಫ್ಲಾಸ್ಕು ಹಾರಿ ಬಂದು ಮೇಜಿಗೆ ಬಡಿಯಿತಂತೆ. ಅಂದಿನಿಂದ ಪ್ರತಿ ಗುರುವಾರ ಸಿರಿಲ್ ಬರತೊಡಗಿದರು. ನಾನು ಟೀ ಮತ್ತು ಒಣದ್ರಾಕ್ಷಿ ಹಾಕಿದ ಪ್ಲಮ್ ಬ್ರೆಡ್ ಕೊಡುತ್ತಿದ್ದೆ, ಅವರು ನೆಗ್ಗಿನ ಕಥೆ ಕೊಡುತ್ತಿದ್ದರು. ವರ್ಷದಿಂದ ವರ್ಷಕ್ಕೆ ಫ್ಲಾಸ್ಕು ದೊಡ್ಡದಾಗುತ್ತ ಹೋಯಿತು.

"ಇನ್ನೆರಡು ವರ್ಷ ಹೋದ್ರೆ ಅದು ಹಾಲಿನ ಕ್ಯಾನ್ ಆಗುತ್ತೆ ನೋಡ್ತಿರಿ" ಎಂದು ನಾನು ರೇಗಿಸಿದರೆ, "ಡೊರೀನ್, ನೀನು ಅವತ್ತು ಅಲ್ಲಿರಲಿಲ್ಲ" ಎಂದು ಗಂಭೀರವಾಗಿ ಹೇಳುತ್ತಿದ್ದರು.

ಮೂತಿ ಇಟ್ಟುಕೊಂಡವರಲ್ಲಿ ಒಂದು ಪದ್ಧತಿ ಇದೆ. ಆ ವಿಮಾನದಲ್ಲಿ ನಿಜವಾಗಿ ಹಾರಿದವರು ಮಾತ್ರ ಬಾಗಿಲಿನ ಒಳಬದಿಗೆ ತಮ್ಮ ಹೆಸರು ಬರೆಯಬಹುದು. ಮಾಲೀಕನಿಗೂ ಆ ಹಕ್ಕಿಲ್ಲ. ನಮ್ಮ ಬಾಗಿಲಿನ ಮೇಲೆ ಒಂದೇ ಹೆಸರಿತ್ತು. ಜೂನಿನಲ್ಲಿ ಎಲ್ಲರೂ ತಂತಮ್ಮ ಮೂತಿಗಳನ್ನು ಟ್ರೇಲರಿಗೆ ಹೇರಿಕೊಂಡು ಬಂದು ಮೈದಾನದಲ್ಲಿ ಸೇರುವಾಗ ಸಿರಿಲ್ ಆ ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ಬಂದವರಿಗೆಲ್ಲ ಮೊದಲು ಹೆಸರು, ಆಮೇಲೆ ನೆಗ್ಗು ತೋರಿಸುತ್ತಿದ್ದರು.

ಈ ವರ್ಷ ಏಪ್ರಿಲಿನಲ್ಲಿ ಬಾಗಿಲ ಚೌಕಟ್ಟಿನ ರಬ್ಬರ್ ಬದಲಾಯಿಸಲೆಂದು ಕ್ಲಿಫ್ ಹಳೆಯ ಬಣ್ಣ ಕೆರೆದ. ನಾಲ್ಕು ಪದರದ ಕೆಳಗೆ ಕಾರ್ಖಾನೆಯವರು ಹಳದಿ ಬಣ್ಣದಲ್ಲಿ ಬರೆದ ಅಂಕಿ ಕಾಣಿಸಿತು. ನಾನೂರ ಹದಿಮೂರು. ಒಂದು ಬಿಡಿಭಾಗ ಅದಲುಬದಲಾಗಿರಬಹುದು ಎಂದುಕೊಂಡು ಮೇಜಿನ ಹಿಂದೆ ಕೆರೆದ. ನಾನೂರ ಹದಿಮೂರು. ನೆಲದ ಹಲಗೆ ಎಬ್ಬಿಸಿದ, ಅಲ್ಲೂ ಅದೇ. ಗುಜರಿಯಲ್ಲಿ ಸೀಮೆಸುಣ್ಣದಲ್ಲಿ ಗೀಚಿದವನು ಯಾವುದಕ್ಕೋ ಯಾವುದನ್ನೋ ಬರೆದಿದ್ದ. ಊಟಕ್ಕೆ ಕರೆಯಲು ಹೋದಾಗ ಕ್ಲಿಫ್ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದ.

"ಇದು ಸಿರಿಲ್ ಅವರ ವಿಮಾನ ಅಲ್ಲ ಕಣೇ."

"ಮತ್ತೆ ಬಣ್ಣ ಬಳಿದುಬಿಡು" ಎಂದೆ.

"ಹೇಗೆ ಬಳೀಲಿ? ನಂಗೆ ಗೊತ್ತಾಗಿದೆಯಲ್ಲ."

"ಗೊತ್ತಾಗಿದ್ದು ಹೊಟ್ಟೇಲಿ ಇಟ್ಕೋ. ಎಂಬತ್ತನಾಲ್ಕು ವರ್ಷದ ಮುದುಕರಿಗೆ ಇರೋದು ಇದೊಂದು ಗುರುವಾರ. ಅದನ್ನೂ ಕಿತ್ಕೊಳ್ತೀಯಾ?"

"ಸುಳ್ಳು ಅಂಕಿ ಹಾಕ್ಕೊಂಡು ಅವರ ಮುಖ ಹೇಗೆ ನೋಡ್ಲಿ ಡೊರೀನ್? ಅವರು ನನ್ನ ನಂಬಿ ಹೆಸರು ಬರೆದಿದ್ದಾರೆ."

ನಲವತ್ತೆರಡು ಸ್ಕ್ರೂ ಬಿಚ್ಚಿದ ಗಂಡಸಿನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ಅವನಿಗೆ ಅವತ್ತು ಬೇಕಾದಷ್ಟು ಬೈದೆ, ಆದರೂ ಅವನು ಬೇರೆ ಥರ ಇದ್ದಿದ್ದರೆ ನಾನು ಇಷ್ಟು ವರ್ಷ ಬಾಳುತ್ತಿರಲಿಲ್ಲ.

ಗುರುವಾರ ಸಿರಿಲ್ ಬಂದಾಗ ಕ್ಲಿಫ್ ಏನನ್ನೂ ಮುಚ್ಚಿಡದೆ ಹೇಳಿದ. ಅವರು ಕನ್ನಡಕ ಏರಿಸಿ ಹಳದಿ ಅಂಕಿಯನ್ನು ಬಹಳ ಹೊತ್ತು ನೋಡಿದರು.

"ಹಾಗಾದ್ರೆ ಆ ನೆಗ್ಗು?" ಎಂದರು.

ಅವರು ಸುತ್ತ ನೋಡಿ, ಕೆಲಸದ ಮೇಜಿನ ಮೇಲಿದ್ದ ಬಟ್ಟೆಯನ್ನು ತೆಗೆದುಕೊಂಡು ಥಿನ್ನರಿನಲ್ಲಿ ಅದ್ದಿದರು. ಬಾಗಿಲಿನ ಮೇಲಿದ್ದ ತಮ್ಮ ಹೆಸರನ್ನು ತಾವೇ ಒರೆಸಿದರು. ಕ್ಲಿಫ್ ಬೇಡ ಬೇಡ ಎನ್ನುತ್ತಲೇ ಇದ್ದ. ಟೀ ಕುಡಿಯದೆ ಟೋಪಿ ಹಾಕಿಕೊಂಡು ಬಸ್ಸಿಗೆ ಹೊರಟುಬಿಟ್ಟರು.

ಮುಂದಿನ ಗುರುವಾರ ಬರಲಿಲ್ಲ. ಫೋನ್ ಮಾಡಿದರೆ ಮಂಡಿನೋವು ಎಂದರು. ಅದರ ಮುಂದಿನ ವಾರ ಮಳೆ ಎಂದರು, ಅವತ್ತು ಬಿಸಿಲು ಕಾಯುತ್ತಿತ್ತು. ಕ್ಲಿಫ್ ಗ್ಯಾರೇಜಿಗೆ ಹೋಗುತ್ತಿದ್ದ, ಸುಮ್ಮನೆ ನಿಂತು ಬರುತ್ತಿದ್ದ. ಜೂನಿನ ಮೇಳಕ್ಕೂ ಮೂತಿಯನ್ನು ಒಯ್ಯುವುದಿಲ್ಲ ಎಂದ. ಆದರೂ ಪದ್ಧತಿ ಬಿಡದೆ ಸಂಘದ ಪತ್ರಿಕೆಗೆ ತಿದ್ದುಪಡಿ ಕಳಿಸಿದ: ನಾನೂರ ಹದಿಮೂರರಲ್ಲಿ ಹಾರಿದವರು ಯಾರಾದರೂ ಇದ್ದಾರೆಯೇ?

ಉತ್ತರ ಬಂದದ್ದು ರೋಸಲಿಂಡ್ ಎಂಬ ಹೆಂಗಸಿನಿಂದ. ಅವಳ ತಂದೆ ಅರ್ನೆಸ್ಟ್ ಅದರ ನೇವಿಗೇಟರ್ ಆಗಿದ್ದರಂತೆ. ಅವಳಿಗೆ ಹತ್ತೊಂಬತ್ತಾಗಿದ್ದಾಗ ತೀರಿಕೊಂಡರಂತೆ. ಜೂನಿನ ಮೊದಲ ಗುರುವಾರ ಬಂದಳು. ಐವತ್ತೇಳರ ಗಟ್ಟಿ ಹೆಂಗಸು, ಕೈಯಲ್ಲಿ ತಂದೆಯ ಹಾರಾಟದ ಪುಸ್ತಕ. ಅದರಲ್ಲಿ ನಾನೂರ ಹದಿಮೂರು ಅರವತ್ತೊಂದು ಸಲ ಬಂದಿತ್ತು.

ಕ್ಲಿಫ್ ಅವಳನ್ನು ನೇವಿಗೇಟರ್ ಸೀಟಿನಲ್ಲಿ ಕೂರಿಸಿ ಎಲ್ಲ ವಿವರಿಸಿದ. ಈ ಡಯಲು ಎಲ್ಲಿ ಸಿಕ್ಕಿತು, ಈ ಸ್ವಿಚ್ಚಿಗಾಗಿ ಎಷ್ಟು ಊರು ಅಲೆದ, ಮೂಲ ಕಪ್ಪು ಬಣ್ಣ ಹೊಂದಿಸಲು ಎಷ್ಟು ಡಬ್ಬಿ ಹಾಳುಮಾಡಿದ. ಅವಳು ಸಹನೆಯಿಂದ ಕೇಳಿದಳು.

"ಎಲ್ಲ ಸರಿ. ಅಪ್ಪ ಇಲ್ಲಿ ಕೂತು ಏನ್ ಮಾಡ್ತಿದ್ರು? ಮನೇಲಿ ಒಂದು ಮಾತೂ ಆಡ್ಲಿಲ್ಲ ಅವರು."

ಕ್ಲಿಫ್ ಡಯಲಿನ ಮೇಲಿಂದ ಕೈ ತೆಗೆದ. "ದಾರಿ... ದಾರಿ ಹೇಳ್ತಿದ್ರು" ಎಂದ. ಆ ಗೂಡಿನ ಪ್ರತಿ ಸ್ಕ್ರೂ ಗೊತ್ತಿದ್ದವನಿಗೆ ಅಲ್ಲಿ ಒಬ್ಬ ಮನುಷ್ಯ ದಿನವಿಡೀ ಏನು ಮಾಡುತ್ತಾನೆಂದು ಗೊತ್ತಿರಲಿಲ್ಲ. ನಾನು ಕಾರಿನ ಕೀಲಿ ತೆಗೆದುಕೊಂಡೆ.

ಸಿರಿಲ್ ಬಾಗಿಲು ತೆರೆದಾಗ ನನಗೆ ಗುರುತೇ ಸಿಗಲಿಲ್ಲ. ವಾರಗಟ್ಟಲೆಯ ಬಿಳಿ ಗಡ್ಡ. ಅಷ್ಟು ವರ್ಷ ಅವರು ಗಡ್ಡ ಹೆರೆಯುತ್ತಿದ್ದದ್ದು ನಮ್ಮ ಗುರುವಾರಕ್ಕಾಗಿಯೇ ಎಂದು ಆಗ ಅರ್ಥವಾಯಿತು. ವಿಷಯ ಹೇಳಿದೆ.

"ಅದು ನನ್ನ ವಿಮಾನ ಅಲ್ವಲ್ಲ ತಾಯಿ. ಹನ್ನೊಂದು ವರ್ಷ ಕಂಡೋರಿಗೆಲ್ಲ ಸುಳ್ಳು ಹೇಳಿದೆ. ಇನ್ನೇನು ನೆನಪಿದೆ, ಏನಿಲ್ಲ, ನಂಗೇ ನಂಬಿಕೆ ಇಲ್ಲ."

"ವಿಮಾನ ನಿಮ್ಮದಲ್ಲ, ಸರಿ. ಕೆಲಸ ನಿಮ್ಮದು ತಾನೇ? ಆ ಹುಡುಗಿ ಅಪ್ಪನ ಸೀಟಲ್ಲಿ ಕೂತ್ಕೊಂಡು ಪೇಂಟ್ ಡಬ್ಬಿ ಕಥೆ ಕೇಳ್ತಿದಾಳೆ. ಗಡ್ಡ ತೆಗೀರಿ, ಹತ್ತು ನಿಮಿಷ ಕೊಡ್ತೀನಿ."

"ಹುಡುಗೀನಾ?"

"ಐವತ್ತೇಳು. ನಿಮ್ಮ ಲೆಕ್ಕಕ್ಕೆ ಹುಡುಗೀನೇ. ನಡೀರಿ."

ಗಲ್ಲದ ಮೇಲೆ ಎರಡು ಕಡೆ ಗಾಯ ಮಾಡಿಕೊಂಡು ಬಂದರು. ಒಳಗೆ ಕೂರಲು ಒಪ್ಪಲಿಲ್ಲ. ಬಾಗಿಲಲ್ಲಿ ನಿಂತು ತಲೆಯಷ್ಟನ್ನೇ ಒಳಗಿಟ್ಟು, ಮೊದಲು ಹಿಂಜರಿಯುತ್ತ ಶುರುಮಾಡಿದರು.

"ಇಲ್ಲಿಂದ ಆಕಾಶ ಕಾಣಲ್ಲಮ್ಮ. ಎದುರಿಗೆ ಪೈಲಟ್ ಸೀಟಿನ ಬೆನ್ನು, ಅಷ್ಟೆ. ನಿಮ್ಮಪ್ಪ ಭೂಮಿಯೆಲ್ಲ ಸುತ್ತಿರಬಹುದು, ನೋಡಿದ್ದು ಆ ಬೆನ್ನು ಮಾತ್ರ. ದೀಪ ಎಳ್ಕೊ. ಹಾಂ, ಹಾಗೆ. ಪೆನ್ಸಿಲ್ ದಾರಕ್ಕೆ ಕಟ್ಟಿರಬೇಕು, ಕೆಳಗೆ ಬಿದ್ರೆ ಮುಗೀತು, ಸಿಗಲ್ಲ. ಕಾಲು ಚಳಿಗೆ ಮರಗಟ್ಟಿರುತ್ತೆ. ಆರು ನಿಮಿಷಕ್ಕೊಂದು ಸಲ ನಾವೆಲ್ಲಿದೀವಿ ಅಂತ ನಕ್ಷೆ ಮೇಲೆ ಚುಕ್ಕಿ ಇಡಬೇಕು."

"ಆರೇ ಯಾಕೆ?" ಎಂದಳು ರೋಸಲಿಂಡ್. ಅವಳ ದನಿ ಬದಲಾಗಿತ್ತು.

"ಗಂಟೆಯ ಹತ್ತರಲ್ಲೊಂದು ಭಾಗ. ಮನಸ್ಸಲ್ಲೇ ಲೆಕ್ಕ ಸುಲಭ. ನಮ್ಮ ಜೀವನವೇ ಆರು ನಿಮಿಷದ ತುಂಡು."

ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. "ಕಾರಲ್ಲಿ ಎಲ್ಲಿಗೆ ಹೋದ್ರೂ ಅಪ್ಪ ಹೇಳ್ತಿದ್ರು, ಇನ್ನು ಆರು ನಿಮಿಷ, ಇನ್ನು ಹನ್ನೆರಡು ನಿಮಿಷ ಅಂತ. ನಾನೂ ತಮ್ಮನೂ ಹಿಂದೆ ಕೂತು ಅಣಕಿಸ್ತಿದ್ವಿ. ಯಾಕೆ ಹಾಗೆ ಅಂತ ಒಂದು ಸಲಾನೂ ಕೇಳ್ಲಿಲ್ಲ."

"ತಲುಪ್ತಿದ್ರಾ ಅಷ್ಟರಲ್ಲಿ?" ಎಂದು ಕೇಳಿದರು ಸಿರಿಲ್.

"ಯಾವಾಗ್ಲೂ."

"ಹಾಗಾದ್ರೆ ಒಳ್ಳೆ ನೇವಿಗೇಟರು" ಎಂದರು. ಅದಕ್ಕಿಂತ ದೊಡ್ಡ ಮೆಚ್ಚುಗೆಯ ಮಾತು ಅವರ ಬಳಿ ಇರಲಿಲ್ಲ.

ಆಮೇಲೆ ಅವರನ್ನು ನಿಲ್ಲಿಸುವವರಿಲ್ಲ. ಗಾಳಿಯ ಲೆಕ್ಕ ಕಲಿಸಿದರು, ಅವಳಿಂದ ಚುಕ್ಕಿ ಇಡಿಸಿದರು, ತಪ್ಪಿದಾಗ "ಈಗ ಸಮುದ್ರಕ್ಕೆ ಬಿದ್ವಿ, ಮತ್ತೆ ಮಾಡು" ಎಂದು ಗದರಿದರು. ಅವಳು ಕಣ್ಣೊರೆಸಿಕೊಂಡು ಮತ್ತೆ ಮಾಡಿದಳು. ಕ್ಲಿಫ್ ಬಕೆಟ್ ಮೇಲೆ ಕೂತು ಶಾಲೆಯ ಹುಡುಗನಂತೆ ಕೇಳುತ್ತಿದ್ದ. ಟೀ ಮೂರು ಸಲ ಆರಿತು, ನಾನು ಮೂರು ಸಲ ಬಿಸಿ ಮಾಡಿದೆ. ನನ್ನ ಗ್ಯಾರೇಜು ನನಗೆ ಅಷ್ಟು ಚೆಂದ ಎಂದೂ ಕಂಡಿರಲಿಲ್ಲ.

ಹೊರಡುವ ಹೊತ್ತಿಗೆ ಅವಳ ಕೈ ಮೇಜಿನಂಚಿಗೆ ತಾಗಿತು.

"ಇದೇನು, ಇಲ್ಲಿ ನೆಗ್ಗಿದೆಯಲ್ಲ?"

ಕ್ಲಿಫ್ ನನ್ನ ಮುಖ ನೋಡಿದ. ನಾನು ಕೆಟಲ್ ಹಿಡಿದು ನಿಂತಲ್ಲೇ ನಿಂತೆ. ಸಿರಿಲ್ ಉಸಿರೆಳೆದುಕೊಂಡರು. ಉತ್ತರ ಸಮುದ್ರ, ಹೆಪ್ಪುಗಟ್ಟಿದ ಟೀ, ಟೆಡ್, ಎಲ್ಲವೂ ಅವರ ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು.

"ಗೊತ್ತಿಲ್ಲಮ್ಮ" ಎಂದರು. "ಅದು ನಿಮ್ಮಪ್ಪನ ಕಾಲದ್ದಿರಬೇಕು. ನಾನು ಇದರಲ್ಲಿ ಹಾರಿಲ್ಲ."

ಅವಳು ನೆಗ್ಗಿನೊಳಗೆ ಹೆಬ್ಬೆರಳಿಟ್ಟು ಸುಮ್ಮನೆ ಕೂತಳು, ಮೊದಲ ದಿನ ಸಿರಿಲ್ ಕೂತಿದ್ದ ಹಾಗೆಯೇ. ಹನ್ನೊಂದು ವರ್ಷ ಆ ಫ್ಲಾಸ್ಕಿನ ಕಥೆ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಅವತ್ತು ಅವರು ಅದನ್ನು ಹೇಳದೆ ನುಂಗಿಕೊಂಡಾಗ ನಾನು ಅಡುಗೆಮನೆಗೆ ಹೋಗಿ ಅತ್ತೆ.

ಬಸ್ಸಿಗೆ ಹೊರಡುವಾಗ ಸಿರಿಲ್ ಟೋಪಿ ಸರಿಮಾಡಿಕೊಂಡು ನನ್ನತ್ತ ತಿರುಗಿದರು.

"ಅವಳು ಮುಂದಿನ ಗುರುವಾರಾನೂ ಬರ್ತಾಳಂತೆ. ಗಾಳಿ ಲೆಕ್ಕ ಇನ್ನೂ ಬಂದಿಲ್ಲ ಅವಳಿಗೆ."

"ಹಾಗಾದ್ರೆ ನೀವೂ ಬರ್ಬೇಕಾಗುತ್ತೆ" ಎಂದೆ.

"ಬರ್ಲೇಬೇಕಲ್ಲ ತಾಯಿ" ಎಂದು ಗಲ್ಲದ ಗಾಯ ಮುಟ್ಟಿಕೊಂಡರು. "ಹೊಸ ಬ್ಲೇಡ್ ತಗೋಬೇಕು."