ರಾಣಿಗೆ ಒನ್ಸ್ ಮೋರ್

ನಾಲ್ಕೇ ನಾಲ್ಕು ಮಾತಿಗೆ ರಾಣಿ ಮಗಳನ್ನು ವೈರಿಯ ಮನೆಗೆ ಕೊಡಲು ಒಪ್ಪಿಬಿಡುತ್ತಾಳೆ. ಕೊನೆಯ ಅಂಕದಲ್ಲಿ ಆ ಮಗಳು ವಿಷ ಕುಡಿಯುತ್ತಾಳೆ. ಪುಣೆಯ ನಮ್ಮ ಕನ್ನಡ ಸಂಘದ ಈ ವರ್ಷದ ನಾಟಕ ಇದು. ರಾಣಿ ನಾನು, ರಾಜ ನನ್ನ ಗಂಡ ಬಸವಪ್ರಭು.

ತಾಲೀಮಿನಲ್ಲೇ ತಕರಾರು ತೆಗೆದಿದ್ದೆ. "ಇಷ್ಟ್ ಲಗೂ ಯಾವ ತಾಯಿ ಮನಸ್ಸು ತಿರಗತದರಿ?"

ನಾಟಕ ಕಲಿಸುವ ಮಲಕಪ್ಪನವರು ನಕ್ಕರು. "ರಾಣಿ ಲಗೂ ಒಪ್ಪಲಿಲ್ಲಂದ್ರ ಮಂದಿಗೆ ಕಡೀ ಬಸ್ ತಪ್ಪತದವಾ."

ನಾಟಕದ ದಿನ ಮುಂಜಾನೆ ನಾನೇ ಒಪ್ಪಿಬಿಟ್ಟೆ. ಚಪಾತಿ ಬೇಯಿಸುತ್ತಿದ್ದೆ. ಬೀಗರಾಗಲಿರುವ ಸಾಸವಡದವರು ಸಂಜೆ ನಾಟಕಕ್ಕೆ ಬರುತ್ತಾರೆ, ಅಲ್ಲೇ ಮಾತು ಮುಗಿಸೋಣ ಅಂದರು ಬಸವಪ್ರಭು. ನಮ್ಮ ಮಗಳು ತೃಪ್ತಿಯ ವಕೀಲಿ ಓದು ಇನ್ನೊಂದು ವರ್ಷ ಬಾಕಿ. ಅದನ್ನು ಬಿಡಿಸಿ ಮದುವೆ ಮಾಡಿಕೊಡಬೇಕಂತೆ.

"ಅಕಿ ಒಲ್ಲೆ ಅಂದಾಳಲ್ರಿ."

"ಮನಿತನ ಭಾಳ ಛಲೋ ಅದ, ರೇಣು. ನಾಕ್ ಮಂದಿಯೊಳಗ ನನ್ನ ಮಾತ್ ಉಳಸು."

ದಣಿದಿದ್ದೆ. ಹಂಚಿನ ಮೇಲೆ ಚಪಾತಿ ಹೊತ್ತುತ್ತಿತ್ತು. "ಹೂಂ, ನಿಮ್ಮಿಚ್ಛಾ" ಅಂದೆ. ಬಾಗಿಲಲ್ಲಿದ್ದ ತೃಪ್ತಿ ನನ್ನ ಮುಖ ನೋಡಿದಳು, ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಸಂಜೆ ರಾಜ ಕೈಮುಗಿದ. "ರಾಜ್ಯ ಉಳಿಸು, ರಾಣಿ!" ನಾನು ಅತ್ತೆ, "ಒಪ್ಪಿದೆ ಮಹಾರಾಜಾ" ಅಂದೆ, ಪದ ಹಾಡಿದೆ. ಹಿಂದಿನ ಕುರ್ಚಿಗಳಿಂದ ಸೀಟಿ ಬಿತ್ತು. "ಒನ್ಸ್ ಮೋರ್!"

ನಮ್ಮ ಸಂಘದಲ್ಲಿ ಒನ್ಸ್ ಮೋರ್ ಬಿತ್ತೆಂದರೆ ಬರೀ ಪದ ಹಾಡಿದರೆ ನಡೆಯುವುದಿಲ್ಲ, ಅದರ ಹಿಂದಿನ ಮಾತಿನಿಂದಲೇ ಹಿಡಿಯಬೇಕು. ಕಣ್ಣೊರೆಸಿಕೊಂಡು, ಇನ್ನೂ ಒಪ್ಪದ ರಾಣಿಯಾಗಿ ನಿಂತೆ. ಅವರು ಮತ್ತೆ ಕೈಮುಗಿದರು. ಮುಂಜಾನೆಯದೇ ದನಿ. ಅಂಟಿಸಿದ ಮೀಸೆಯಡಿ ಸಣ್ಣ ನಗು ಬೇರೆ, ಹೆಂಗೂ ಒಪ್ತಾಳ ಅನ್ನುವಂಥದ್ದು. ಮೈಯೆಲ್ಲ ಉರಿದುಹೋಯಿತು.

"ರಾಜ್ಯ ಉಳಿಸು, ರಾಣಿ!"

"ಒಲ್ಲೆ."

ಪರದೆಯ ಹಿಂದಿನಿಂದ ಮಲಕಪ್ಪನವರು ಪಿಸುಗುಟ್ಟಿದರು. "ಒಪ್ಪಿದೆ ಅನ್ನವಾ, ಒಪ್ಪಿದೆ!"

"ಒಲ್ಲೆ ಅಂದ್ರ ಒಲ್ಲೆ. ರಾಜ್ಯ ನಿಮ್ಮದು, ಮಾತು ನಿಮ್ಮದು, ಮರ್ಯಾದಿ ನಿಮ್ಮದು. ಉಳೀಬೇಕಂದ್ರ ನೀವೇ ಹೋಗ್ರಿ ಅವರ ಮನಿಗೆ, ಸೆರಗ ಹೊತಗೊಂಡು. ನನ್ನ ಮಗಳು ಓದತಾಳ!"

ಸಭೆ ಗೊಳ್ಳೆಂದಿತು. ಬಸವಪ್ರಭು ಹಲ್ಲು ಕಚ್ಚಿದರು. "ನಾಟಕ ಅದ ಇದು, ರೇಣು."

"ಮುಂಜಾನಿದ್ದು ಏನಿತ್ರಿ?"

ಮುಂದಿನ ಸಾಲಿನಲ್ಲಿ ಸಾಸವಡದವರ ನಗು ನಿಂತಿತು. ಅವರಲ್ಲಿ ಹಿರಿಯರು ಎದ್ದರು, ಟೊಪ್ಪಿಗೆ ಸರಿಮಾಡಿಕೊಂಡು "ಚಲಾ" ಅಂದರು, ಹೊರಗೆ ನಡೆದರು. ಬಸವಪ್ರಭು ಕಿರೀಟ ಹಿಡಿದುಕೊಂಡು ಅವರ ಬೆನ್ನು ನೋಡುತ್ತಿದ್ದರು.

ಪರದೆ ಎಳೆಯಲು ಯಾರಿಗೂ ಹೊಳೆಯಲಿಲ್ಲ. ಆಗ ಗೋಡೆಯ ಪಕ್ಕದ ಕುರ್ಚಿಯಿಂದ ಒಂದೇ ದನಿ ಬಂತು, ಅಳುವಿನಿಂದ ಒಡೆದದ್ದು, ತೃಪ್ತಿಯದು.

"ಒನ್ಸ್ ಮೋರ್!"

ನಾನು ರಾಜನ ಕಡೆ ತಿರುಗಿದೆ. "ಕೈ ಮುಗೀರಿ" ಅಂದೆ.